ಕಾರ್ಮೆನ್ ಮತ್ತು ಲಾರಾ

ಅಮೆರಿಕದ ದಕ್ಷಿಣ ಟೆಕ್ಸಸ್‌ನ ಮೆಕ್ಸಿಕನ್-ಅಮೆರಿಕನ್ ಅಕ್ಕತಂಗಿಯರ ಗಾಯನ ಜೋಡಿ. ಊರು ಕಿಂಗ್ಸ್‌ವಿಲ್. ಕಾರ್ಮೆನ್ ಅವರ ಪತಿ ಅರ್ಮಾಂಡೋ ಮರೋಕಿನ್, ಆಲಿಸ್ ಪಟ್ಟಣದಲ್ಲಿ ಜೂಕ್‌ಬಾಕ್ಸ್ (ನಾಣ್ಯ ಹಾಕಿದರೆ ಹಾಡು ಕೇಳಿಸುವ ಯಂತ್ರ) ವ್ಯಾಪಾರ ನಡೆಸುತ್ತಿದ್ದರು. ಎರಡನೆಯ ಮಹಾಯುದ್ಧದ ವೇಳೆಗೆ ದೊಡ್ಡ ಧ್ವನಿಮುದ್ರಣ ಕಂಪನಿಗಳು ಈ ಸಮುದಾಯದ ಸಂಗೀತವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರಿಂದ, ಜೂಕ್‌ಬಾಕ್ಸ್‌ಗಳಿಗೆ ಹೊಸ ಗಾನತಟ್ಟೆಗಳೇ ಸಿಗದಾದವು. ಆಗ ಮರೋಕಿನ್ ತಮ್ಮ ಮನೆಯಲ್ಲೇ ಧ್ವನಿಮುದ್ರಣಕ್ಕೆ ಇಳಿದರು. ಪಾಕೋ ಬೆಟಾನ್‌ಕೋರ್ಟ್ ಎಂಬವರ ಜೊತೆ ಸೇರಿ ಐಡಿಯಲ್ ರೆಕಾರ್ಡ್ಸ್ ಕಂಪನಿ ಕಟ್ಟಿದರು. ಅದರ ಮೊದಮೊದಲ ದನಿಗಳೇ ಈ ಸೋದರಿಯರವು.

ಇವರ ಗಾಯನದ ಸೊಗಸು ಎರಡು ದನಿಗಳ ಹೊಂದಿಕೆಯಲ್ಲಿದೆ. ಮೊದಲ ದನಿ ಧಾಟಿಯನ್ನು ಹಿಡಿದರೆ, ಎರಡನೆಯದು ಸಾಮಾನ್ಯವಾಗಿ ಮೂರನೆಯ ಇಲ್ಲವೇ ಆರನೆಯ ಸ್ವರದ ಅಂತರದಲ್ಲಿ ಒಂದೇ ಉಸಿರೆಂಬಂತೆ ಜೊತೆಗೂಡುತ್ತದೆ. ಹಿಮ್ಮೇಳಕ್ಕೆ ಹಲವು ಬಾರಿ ನಾರ್ಸಿಸೋ ಮಾರ್ಟಿನೆಸ್ ಅವರ ಅಕಾರ್ಡಿಯನ್, ಜೊತೆಗೆ ಬಾಹೋ ಸೆಕ್ಸ್ಟೋ ಎಂಬ ಹನ್ನೆರಡು ತಂತಿಗಳ, ಗಿಟಾರ್ ಬಗೆಯ ವಾದ್ಯ. ಗಂಡಸರ ಪಾನಗೃಹ, ಕುಣಿತದ ಅಂಗಳಗಳ ವಾದ್ಯವೆನಿಸಿದ್ದ ಅಕಾರ್ಡಿಯನ್ ಜೊತೆಗೆ ಹೆಣ್ಣಿನ ವಿರಹ, ಮುನಿಸುಗಳನ್ನು ಕೇಳಿಸಿದ್ದು ಇವರ ದೊಡ್ಡ ಸಾಧನೆ. ಲಾಸ್ ಏಂಜಲೀಸ್‌ನಲ್ಲಿ 1930ರ ದಶಕದಲ್ಲೇ ಹೆಸರಾಗಿದ್ದ ಪಡಿಲ್ಲಾ ಸೋದರಿಯರು, ಗಾಯಕಿ ಲಿಡಿಯಾ ಮೆಂಡೋಸಾ ಅವರ ತಂಗಿಯರಾದ ಹುವಾನಿತಾ ಮತ್ತು ಮರಿಯಾ ಇದೇ ಪರಂಪರೆಯ ಇತರ ಪ್ರಮುಖ ಜೋಡಿಗಳು.