ಜಂಗಲ್ ಬುಕ್ (ಕಾರ್ಟೂನ್ ಸರಣಿ): ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ನೋಟ

ರುಡ್ಯಾರ್ಡ್ ಕಿಪ್ಲಿಂಗನ ಮೌಗ್ಲಿ ಕಥೆಗಳನ್ನು ಆಧರಿಸಿ ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ ತಯಾರಿಸಿದ 52 ಕಂತುಗಳ ಕಾರ್ಟೂನ್ ಸರಣಿ. ನಿರ್ದೇಶಕ ಫುಮಿಯೊ ಕುರೊಕಾವಾ. ಟಿ.ವಿ. ಟೋಕಿಯೊ ವಾಹಿನಿಯಲ್ಲಿ 1989ರ ಅಕ್ಟೋಬರಿನಿಂದ 1990ರ ಅಕ್ಟೋಬರಿನವರೆಗೆ ಪ್ರಸಾರವಾಯಿತು. ಹಿಂದಿಗೆ ಡಬ್ ಆಗಿ 1993ರಲ್ಲಿ ದೂರದರ್ಶನಕ್ಕೆ ಬಂದ ಮೇಲೆ ಭಾನುವಾರ ಬೆಳಿಗ್ಗೆ ಎಂದರೆ ಮೌಗ್ಲಿ ಎನ್ನುವಷ್ಟು ದೇಶದ ಮಕ್ಕಳಿಗೆ ಹತ್ತಿರವಾಯಿತು. 2020ರ ಏಪ್ರಿಲಿನಲ್ಲಿ, ಲಾಕ್‌ಡೌನ್ ನಡುವೆ, ಮರುಪ್ರಸಾರ ಕಂಡಿತು. ಈ ಸರಣಿಯನ್ನು ಕೋಲಾರ ಜಿಲ್ಲೆಯ ಚಿನ್ನದ ಗಣಿ ಊರಾದ ಕೆ.ಜಿ.ಎಫ್.ನಿಂದಲೂ ಪಕ್ಕದ ಬಂಗಾರಪೇಟೆಯಿಂದಲೂ ನೋಡಿದರೆ ಏನೇನು ಕಾಣುತ್ತದೆ ಎಂಬುದು ಈ ಲೇಖನದ ವಿಷಯ.

ಮೂಲ ಕಥೆಗಳು 1894 ಮತ್ತು 1895ರ ಎರಡು ಪುಸ್ತಕಗಳಲ್ಲಿವೆ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ಇವನ್ನು ಬರೆದದ್ದು ಅಮೆರಿಕದ ವರ್ಮಾಂಟಿನಲ್ಲಿ ಕೂತು. ಕಥೆ ನಡೆಯುವುದು ಇಂದಿನ ಮಧ್ಯಪ್ರದೇಶದ ಸಿಯೋನಿ ಬೆಟ್ಟಗಳಲ್ಲಿ. ಆತ ಆ ಕಾಡನ್ನು ಕಣ್ಣಾರೆ ಕಂಡವನಲ್ಲ, ರಾಬರ್ಟ್ ಸ್ಟರ್ನ್‌ಡೇಲ್ 1877ರಲ್ಲಿ ಬರೆದ 'ಸಿಯೋನಿ' ಪುಸ್ತಕವನ್ನು ನೆಚ್ಚಿಕೊಂಡಿದ್ದ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಹೀಗೆ ನಮ್ಮ ದೇಶದ ಕಾಡು ಅಮೆರಿಕದಲ್ಲಿ ಇಂಗ್ಲಿಷಾಗಿ, ಟೋಕಿಯೊದಲ್ಲಿ ಬಣ್ಣದ ಚಿತ್ರವಾಗಿ, ಕೊನೆಗೆ ಹಿಂದಿ ಮಾತಾಡುತ್ತ ಮನೆಗೆ ಮರಳಿತು.

ಹಿಂದಿ ನಾಡಿನ ಮಗುವಿಗೆ ಈ ಪ್ರಾಣಿಗಳ ಹೆಸರು ಹೆಸರೇ ಅಲ್ಲ: ಬಾಲೂ ಎಂದರೆ ಕರಡಿ, ಹಾಥಿ ಎಂದರೆ ಆನೆ, ಅಕೇಲಾ ಎಂದರೆ ಒಂಟಿ, ಬಘೀರಾದೊಳಗೆ 'ಬಾಘ್' (ಹುಲಿ) ಅಡಗಿದೆ. ಕೋಲಾರ ಸೀಮೆಯ ಮಗುವಿಗೆ ಮಾತ್ರ ಇವು ಅಪ್ಪಟ ಅಂಕಿತನಾಮಗಳು. ಅದಕ್ಕೆ ಬಾಲೂ ಎಂಬುದು ಒಂದೇ ಒಂದು ಕರಡಿಯ ಹೆಸರು, ಕರಡಿ ಜಾತಿಯದಲ್ಲ. ಇದು ನಷ್ಟವೇನಲ್ಲ, ಲಾಭವೇ ಎನ್ನಬಹುದು. ಹೆಬ್ಬಾವಿನ ಹೆಸರಲ್ಲಿ ಮಾತ್ರ ಒಂದು ತೊಡಕಿತ್ತು. ಹಾವಿನ ಬುಸುಗುಟ್ಟುವಿಕೆಯಿಂದ ಕಿಪ್ಲಿಂಗ್ ಕಟ್ಟಿದ ಹೆಸರು 'ಕಾ'. ಕನ್ನಡ, ತಮಿಳು ಮನೆಗಳಲ್ಲಿ ಹುಟ್ಟಿದ ಮಗುವಿಗೆ 'ಕಾ' ಎಂದರೆ ಗೋಡೆ ಮೇಲಿನ ಕಾಗೆ! ಹೆಸರು ತಿದ್ದಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ, ಬಿಡಿ. ಮೈಸೂರಿನ ಕಮಿಷನರ್ ಆಗಿದ್ದ ಲ್ಯೂಯಿನ್ ಬೌರಿಂಗನ ಹೆಸರಿನ ಬೌರಿಂಗ್‌ಪೇಟೆಯೇ ಬಂಗಾರಪೇಟೆಯಾದದ್ದು.

ಸರಣಿ ಬಂದ ಕಾಲಕ್ಕೆ ಕೆ.ಜಿ.ಎಫ್. ಇನ್ನೂ ಗಣಿಯ ಊರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ ಗಣಿಗಾರಿಕೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಗಣಿ ಯಂತ್ರಗಳಿಗಾಗಿ 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಕರೆಂಟು ತಂದ ಊರಿದು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಕೂಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಚಾಂಪಿಯನ್ ರೀಫ್ಸ್, ಊರಿಗಾಂ, ಮಾರಿಕುಪ್ಪಂಗಳ ಲೈನ್ ಮನೆಗಳಲ್ಲಿದ್ದರು. ಒಂದಕ್ಕೊಂದು ಬೆನ್ನು ಹಚ್ಚಿದ ಪುಟ್ಟ ಮನೆಗಳ ಸಾಲೇ ಲೈನು. ಲೈನಿನಲ್ಲಿ ತಮಿಳು, ತೆಲುಗು. ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ಇವುಗಳ ಜೊತೆಗೆ ಉರ್ದು. ಬಂಗಾರಪೇಟೆ ಕಡೆ ಹೋದಂತೆ ಕನ್ನಡ, ತೆಲುಗು. ಮೂರು ರಾಜ್ಯ ಕೂಡುವ ಈ ಮೂಲೆಯಲ್ಲಿ ಮನೆಮಾತು ಹಿಂದಿ ಇದ್ದವರು ವಿರಳ. ಉರ್ದು ಮನೆಯ ಮಕ್ಕಳಿಗಷ್ಟೇ ಮೌಗ್ಲಿಯ ಮಾತು ನೇರವಾಗಿ ತಲುಪುತ್ತಿತ್ತು. ಉಳಿದವರಿಗೆ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದು ದನಿಯಿಂದಲೇ ಗೊತ್ತಾಗಬೇಕು. ಆ ಕೆಲಸಕ್ಕೆ ಶೇರ್ ಖಾನನಿಗೆ ನಾನಾ ಪಾಟೇಕರ್ ಕೊಟ್ಟ ಕಂಠಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಕುಂಟು ಹುಲಿ ಗದರುತ್ತಿದೆಯೋ ವ್ಯಂಗ್ಯವಾಡುತ್ತಿದೆಯೋ ತಿಳಿಯಲು ವ್ಯಾಕರಣ ಬೇಕಿರಲಿಲ್ಲ.

ಶೀರ್ಷಿಕೆ ಹಾಡಿನದು ಬೇರೆಯೇ ಕಥೆ. ಜಪಾನಿ ಹಾಡನ್ನು ಬಿಟ್ಟು ಹಿಂದಿಗೆಂದೇ ಗುಲ್ಜಾರ್ ಹೊಸದು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು. ಆಗಿನ್ನೂ ವಿಶಾಲ್ ಹೆಸರಾದ ಸಂಗೀತ ನಿರ್ದೇಶಕರಲ್ಲ. 'ಮಾಚಿಸ್' ಬಂದದ್ದು 1996ರಲ್ಲಿ. ಸರಣಿಯ ಒಂದೇ ಒಂದು ಕಂತೂ ನೆನಪಿಲ್ಲದವರ ಬಾಯಲ್ಲೂ ಈ ಹಾಡು ಉಳಿದಿದೆ. ಅದರಲ್ಲಿ ಬರುವ 'ಚಡ್ಡಿ' ಎಂಬ ಪದಕ್ಕೆ ಕನ್ನಡದ ಮಕ್ಕಳಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಹಾಡಿನ ಪೂರ್ತಿ ಅರ್ಥ ಅಲ್ಲಿಂದಲೇ ಊಹಿಸಿಕೊಂಡವರೂ ಇದ್ದಾರು. 2016ರಲ್ಲಿ ಡಿಸ್ನಿಯ ಹೊಸ 'ಜಂಗಲ್ ಬುಕ್' ಚಿತ್ರ ಇಲ್ಲಿಗೆ ಬಂದಾಗ ಅದರ ಹಿಂದಿ ಪ್ರಚಾರಕ್ಕೆ ಮತ್ತೆ ಇದೇ ಹಾಡನ್ನು ಬಳಸಿದರು, ಶೇರ್ ಖಾನನಿಗೆ ಮತ್ತೆ ನಾನಾ ಪಾಟೇಕರರನ್ನೇ ಕರೆತಂದರು.

ದೊಡ್ಡವರಾದ ಮೇಲೆ ನೋಡಿದರೆ ಜಪಾನೀಯರು ತೆಗೆದುಕೊಂಡ ಸ್ವಾತಂತ್ರ್ಯಗಳು ಕಣ್ಣಿಗೆ ಹೊಡೆಯುತ್ತವೆ. ಮೌಗ್ಲಿಯ ಜೊತೆಗಾರ ಕಿಚಿ ಎಂಬ ಕೆಂಪು ಪಾಂಡಾ ಕಿಪ್ಲಿಂಗನಲ್ಲಿ ಇಲ್ಲ, ಸಿಯೋನಿಯಲ್ಲೂ ಇರಲಾರದು. ಅದು ಸಿಕ್ಕಿಂ, ಡಾರ್ಜಿಲಿಂಗ್, ಅರುಣಾಚಲಗಳ ತಂಪು ಕಾಡಿನ ಪ್ರಾಣಿ. ಮೌಗ್ಲಿಯ ಕೈಯ ಬೂಮರಾಂಗೂ ಸೇರಿಸಿದ್ದೇ. ಇನ್ನು ಚಿತ್ರದ ಕಸುಬು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡಿದರೂ ಜಪಾನಿನ ಟಿ.ವಿ. ಕಾರ್ಟೂನಿನಲ್ಲಿ ಖರ್ಚು ಉಳಿಸಲು ಒಂದೇ ಚಿತ್ರವನ್ನು ಮೂರು ಚೌಕಟ್ಟಿಗೆ ನಿಲ್ಲಿಸುವುದು ರೂಢಿ. ಎಂದರೆ ಸೆಕೆಂಡಿಗೆ ಎಂಟೇ ಚಿತ್ರ. ಮಾತಾಡುವಾಗ ಮೈ ಅಲ್ಲಾಡದೆ ಬಾಯಷ್ಟೇ ಅಲ್ಲಾಡುವುದು, ಪಾತ್ರ ನಿಂತು ಹಿನ್ನೆಲೆಯ ಮರಗಳು ಸರಿಯುವುದು ಇದೇ ಉಳಿತಾಯದ ಫಲ. ಎಂಟು ವರ್ಷದ ಕಣ್ಣಿಗೆ ಇದ್ಯಾವುದೂ ಕಂಡಿರುವುದಿಲ್ಲ. ಹಾಗಿದ್ದೂ ಹಿನ್ನೆಲೆ ಚಿತ್ರಗಳು ಇವತ್ತಿಗೂ ಚೆನ್ನ.

ಇದನ್ನೆಲ್ಲ ಕನ್ನಡದಲ್ಲಿ ಏಕೆ ನೋಡಲಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿಲ್ಲ, ರೂಢಿಯಲ್ಲಿದೆ. ಕನ್ನಡ ಚಿತ್ರರಂಗವನ್ನು ಕಾಪಾಡಲು 1960ರ ದಶಕದಲ್ಲಿ ನಡೆದ ಚಳವಳಿಯಿಂದ ಡಬ್ಬಿಂಗ್‌ಗೆ ಅಘೋಷಿತ ನಿಷೇಧ ಬಿತ್ತು. ಆ ಕಾಲಕ್ಕೆ ಅದಕ್ಕೆ ಬಲವಾದ ಕಾರಣವಿತ್ತು. ಕಾರ್ಟೂನಿನ ಮಟ್ಟಿಗೆ ಮಾತ್ರ ಬೆಲೆ ತೆತ್ತವರು ಮಕ್ಕಳು: ಟಿ.ವಿ.ಯ ಪ್ರಾಣಿಗಳೆಲ್ಲ ಪರಭಾಷೆಯವೇ ಆದವು. ತಮಿಳಿಗೆ 2007ರಲ್ಲಿ ಚುಟ್ಟಿ ಟಿ.ವಿ. ಬಂತು, ಕನ್ನಡಕ್ಕೆ 2009ರಲ್ಲಿ ಚಿಂಟು ಟಿ.ವಿ. ಬಂದ ಮೇಲಷ್ಟೇ ಕಾರ್ಟೂನುಗಳು ಕನ್ನಡ ಕಲಿತದ್ದು. ದೊಡ್ಡವರ ಕಾರ್ಯಕ್ರಮಗಳಿಗೆ ಆಗಲೂ ತಡೆ ಇತ್ತು. 2012ರಲ್ಲಿ 'ಸತ್ಯಮೇವ ಜಯತೇ' ಬೇರೆ ಭಾಷೆಗಳಲ್ಲಿ ಬಂದಂತೆ ಕನ್ನಡ ಟಿ.ವಿ.ಯಲ್ಲಿ ಬರಲಿಲ್ಲ. ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ಅಡ್ಡಿ ಎಂದು ಭಾರತೀಯ ಸ್ಪರ್ಧಾ ಆಯೋಗ ತೀರ್ಪಿತ್ತದ್ದು 2015ರಲ್ಲಿ. ಅಷ್ಟು ಹೊತ್ತಿಗೆ 1993ರ ಪ್ರೇಕ್ಷಕರಿಗೆ ತಮ್ಮದೇ ಮಕ್ಕಳಿದ್ದರು.

ಅವರ ಊರೂ ಬದಲಾಗಿತ್ತು. ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿತು. ಉಳಿದ ದೊಡ್ಡ ಕಾರ್ಖಾನೆ ಎಂದರೆ ಬೆಮೆಲ್. ಮಿಕ್ಕವರಿಗೆ ರೈಲೇ ಗತಿ: ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಇಳಿಯುವ ಬದುಕು. ಮಕ್ಕಳನ್ನು ಎಚ್ಚರವಿದ್ದಾಗ ನೋಡಲು ಭಾನುವಾರವೇ ಬರಬೇಕು. 2020ರ ಮಾರ್ಚಿನಲ್ಲಿ ಪ್ಯಾಸೆಂಜರ್ ರೈಲುಗಳು ಒಮ್ಮೆಲೇ ನಿಂತವು. ಏಪ್ರಿಲ್ 8ರಿಂದ ದೂರದರ್ಶನ ಮಧ್ಯಾಹ್ನ ಒಂದು ಗಂಟೆಗೆ ಮೌಗ್ಲಿಯನ್ನು ಮತ್ತೆ ತೋರಿಸಿತು. ಬೇರೆ ಯಾವ ವರ್ಷವಾದರೂ ಆ ಹೊತ್ತಿಗೆ ಈ ಊರಿನ ಅಪ್ಪಂದಿರು ಮನೆಯಲ್ಲಿರುತ್ತಿರಲಿಲ್ಲ. ಪುಕ್ಕಟೆ ಸಿಕ್ಕ ಬಿಡುವಲ್ಲ ಅದು, ಸಂಬಳ ನಿಂತ ಬಿಡುವು. ಮೊಬೈಲಿನಲ್ಲಿ ಹೊಳೆಹೊಳೆಯುವ ಕಾರ್ಟೂನು ಕಂಡು ಬೆಳೆದ ಮಕ್ಕಳಿಗೆ ಈ ಮಂದಗತಿ ರುಚಿಸಬೇಕೆಂದಿಲ್ಲ. ಹಾಡು ಬಂದಾಗ ದೊಡ್ಡವರು ದನಿಗೂಡಿಸಿದ್ದೇ ಅವರಿಗೆ ಹೆಚ್ಚಿನ ತಮಾಷೆ.

ಪ್ರಾಣಿಗಳ ವಿಷಯಕ್ಕೆ ಬಂದರೆ, ಈ ಸೀಮೆ ಕಾಡಿನಿಂದ ದೂರವೇನಲ್ಲ. ಗಣಿಯ ಪಾಳು ಬಯಲುಗಳಲ್ಲಿ, ಅದಿರು ಅರೆದು ಉಳಿದ ಸೈನೈಡ್ ದಿಬ್ಬಗಳ ಆಸುಪಾಸಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಕನ್ನಡಿಗರು ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಓದಿದ ಕೆನೆತ್ ಆಂಡರ್ಸನ್ ತಿರುಗಿದ್ದೂ ಹೊಸೂರಿನಾಚೆಯ ಜವಳಗಿರಿ ಕಾಡುಗಳಲ್ಲೇ. 1980ರ ದಶಕದಲ್ಲಿ ಹೊಸೂರು, ಧರ್ಮಪುರಿ ಕಡೆಯ ಆನೆಗಳು ಆಂಧ್ರದ ಚಿತ್ತೂರು ಜಿಲ್ಲೆಗೆ ವಲಸೆ ಹೋದವು. ಅವುಗಳಿಗಾಗಿ 1990ರಲ್ಲಿ ಕೌಂಡಿನ್ಯ ಅಭಯಾರಣ್ಯವಾಯಿತು. ಆ ಕಾಡಿಗೂ ತಮಿಳುನಾಡಿನ ಕಾಡಿಗೂ ನಡುವೆ ಸಿಕ್ಕಿಕೊಂಡಿರುವುದು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ, ಬೂದಿಕೋಟೆ ಹೋಬಳಿಗಳು. ರಾಗಿ ತೆನೆಗಟ್ಟುವ ಹೊತ್ತಿಗೆ, ಟೊಮೆಟೊ ಕೆಂಪಾಗುವ ಹೊತ್ತಿಗೆ ಹಿಂಡು ಇಳಿಯುತ್ತದೆ.

ಕಿಪ್ಲಿಂಗನ ಎರಡನೆಯ ಪುಸ್ತಕದಲ್ಲಿ ಇದಕ್ಕೆ ಸರಿಹೊಂದುವ ಕಥೆಯೊಂದಿದೆ. ತನ್ನನ್ನು ಹೊರಗಟ್ಟಿದ ಹಳ್ಳಿಯ ಮೇಲೆ ಮುನಿದ ಮೌಗ್ಲಿ, ಹಾಥಿಯನ್ನೂ ಅವನ ಮೂವರು ಮಕ್ಕಳನ್ನೂ ಕರೆದು ಹೊಲಗಳನ್ನು ತುಳಿಸುತ್ತಾನೆ. ಫಸಲು ಹೋಗುತ್ತದೆ, ಮನೆಗಳು ಉರುಳುತ್ತವೆ, ಜನ ಊರು ಬಿಡುತ್ತಾರೆ. ಎಳೆಯ ಓದುಗ ಆನೆಗಳ ಪಕ್ಷ ವಹಿಸದಿರಲು ಸಾಧ್ಯವೇ ಇಲ್ಲದಂತೆ ಅದನ್ನು ಬರೆಯಲಾಗಿದೆ. ಕಾಮಸಮುದ್ರದ ಹೊಲದಲ್ಲಿ ಮಂಚಿಗೆ ಕಟ್ಟಿ ರಾತ್ರಿ ಕಾಯುವವರ ಕೈಯಲ್ಲಿ ಟಾರ್ಚು, ಪಟಾಕಿ, ಪಂಜು ಇರುತ್ತವೆ. ಮೌಗ್ಲಿಯ ಕಾಡಿನಲ್ಲಿ ಪ್ರಾಣಿಗಳು ಬೆಂಕಿಗೆ ಅದರ ನಿಜ ಹೆಸರು ಹೇಳಲು ಹೆದರುತ್ತವೆ, 'ಕೆಂಪು ಹೂ' ಎನ್ನುತ್ತವೆ. ಇಲ್ಲಿಯ ಆನೆಗಳು ಪಂಜಿಗೆ ಮೊದಲಿನಷ್ಟು ಹೆದರುವುದಿಲ್ಲ ಎನ್ನುತ್ತಾರೆ ರೈತರು.