ದೋಸ್ತ (ಆಡುಮಾತಿನ ಸಂಬೋಧನೆ)

ಗೆಳೆಯ ಎಂಬರ್ಥದ ಪಾರಸಿ ಮೂಲದ ಪದ. ಯಾದಗಿರಿ ಜಿಲ್ಲೆಯ ನಾರಾಯಣಪುರ, ಸುರಪುರ, ಶಹಾಪುರ ಸೀಮೆಯಲ್ಲೂ ಉತ್ತರ ಕರ್ನಾಟಕದ ಇತರೆಡೆಯೂ ವಾರಿಗೆಯ ಗಂಡಸರು ಪರಸ್ಪರ ಸಲುಗೆಯಿಂದ ಕರೆಯಲು ಬಳಸುತ್ತಾರೆ.

ಹಿನ್ನೆಲೆ: 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿ ಅರಸರ ಕಾಲದಿಂದಲೂ ಈ ಭಾಗಕ್ಕೆ ಪಾರಸಿಯ ಪರಿಚಯವಿದೆ. ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿ ದಖನಿ ಉರ್ದು ಬೆಳೆಯಿತು. ಸುರಪುರದ 1858ರ ಬಂಡಾಯದ ನಂತರ ಬ್ರಿಟಿಷರು ಆ ಸಂಸ್ಥಾನವನ್ನು 1860ರ ಒಪ್ಪಂದದಂತೆ ಹೈದರಾಬಾದಿನ ನಿಜಾಮನಿಗೆ ಬಿಟ್ಟುಕೊಟ್ಟರು. 1880ರ ದಶಕದಲ್ಲಿ ಹೈದರಾಬಾದಿನ ಆಡಳಿತ ಪಾರಸಿಯಿಂದ ಉರ್ದುವಿಗೆ ಹೊರಳಿತು. 1948ರವರೆಗೂ ಕಚೇರಿಯ ಭಾಷೆ ಅದೇ. ಆದರೆ ತಹಶೀಲ್, ಜಮೀನು, ದಫ್ತರಗಳಂತೆ ದೋಸ್ತ ಕಚೇರಿಯಿಂದ ಬಂದ ಪದವಲ್ಲ. ಸಂತೆ, ಓಣಿ, ಜಾತ್ರೆಗಳಲ್ಲಿ ಕನ್ನಡ ಮತ್ತು ದಖನಿ ಎರಡನ್ನೂ ಆಡುವವರ ಒಡನಾಟದಿಂದ ಬಂದದ್ದೆನ್ನುವುದೇ ಹೆಚ್ಚು ಸಂಭವನೀಯ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಕೃಷ್ಣಾ ತೀರದ ತಿಂಥಣಿ ಮೌನೇಶ್ವರ ಕ್ಷೇತ್ರ ಇಂಥ ಒಡನಾಟದ ನೆಲೆ.

ರೂಪ: ವ್ಯಂಜನಾಂತ ‘ದೋಸ್ತ್’ ಕನ್ನಡದಲ್ಲಿ ಸ್ವರಾಂತವಾಗಿದೆ. ‘ಬಂದೋಬಸ್ತು’ವಿನಂತೆ ಉಕಾರ ಪಡೆಯದೆ, ಪುರುಷವಾಚಿಯಾದ್ದರಿಂದ ಹುಡುಗ, ಅಣ್ಣ ಮುಂತಾದವುಗಳ ಸಾಲಿಗೆ ಸೇರಿ ಅಕಾರಾಂತವಾಯಿತು. ಆದ್ದರಿಂದಲೇ ‘ದೋಸ್ತಗ ಹೇಳು’, ‘ದೋಸ್ತನ ಸಂಗಟ ಹೋದ’, ‘ದೋಸ್ತರು’ ಎಂಬ ರೂಪಗಳು ಸಲೀಸು. ಭಾವನಾಮ ‘ದೋಸ್ತಿ’ ಪಾರಸಿಯಲ್ಲಿದ್ದಂತೆಯೇ ಬಂದು, ಮಾಡು, ಬಿಡು ಕ್ರಿಯೆಗಳೊಡನೆ ಕೂಡುತ್ತದೆ. ಜಿಗರಿ ದೋಸ್ತ (ಪ್ರಾಣಸ್ನೇಹಿತ), ಚಡ್ಡಿ ದೋಸ್ತ (ಬಾಲ್ಯಸ್ನೇಹಿತ) ಸಾಮಾನ್ಯ ಜೋಡಿಗಳು.

ಬಳಕೆ: ಊರಿನಲ್ಲಿ ಅಣ್ಣ, ಕಾಕಾ, ಮಾಮಾ ಎನ್ನಬೇಕಾದರೆ ವಯಸ್ಸೋ ವರಸೆಯೋ ತಿಳಿದಿರಬೇಕು. ದೋಸ್ತ ಎನ್ನಲು ಅದು ಬೇಡ. ಸರಿಸಮಾನನೆಂದು ಒಪ್ಪಿದರೆ ಸಾಕು. ಈ ಪದದ ಮಹತ್ವ ಇಲ್ಲಿದೆ. ಬೆಂಗಳೂರಿನ ‘ಮಗಾ’, ತಮಿಳಿನಿಂದ ಬಂದ ‘ಮಚ್ಚಾ’, ಲಂಡನ್ ಯುವಕರ ‘ಬ್ರುವ್’ ಮೂರೂ ನಂಟಿನ ಪದಗಳಿಂದ ಹುಟ್ಟಿದವು, ದೋಸ್ತ ಹಾಗಲ್ಲ. ಹಿರಿಯರಿಗೆ ಹೀಗೆನ್ನುವುದು ಉದ್ಧಟತನ. ಜಗಳದಲ್ಲಿ ‘ನೋಡು ದೋಸ್ತ’ ಎಂಬುದು ಎಚ್ಚರಿಕೆಯೂ ಆಗಬಲ್ಲದು. ಹೆಂಗಸರಲ್ಲಿ ‘ಗೆಳತಿ’ಯೇ ಹೆಚ್ಚು ರೂಢಿ.

ಪತ್ರಿಕಾ ಬಳಕೆ: 2018–19ರ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಆಡಳಿತವನ್ನು ಮಾಧ್ಯಮಗಳು ‘ದೋಸ್ತಿ ಸರ್ಕಾರ’ ಎಂದು ಕರೆದವು. ಇಲ್ಲಿ ಪದ ಸಲುಗೆ ಕಳೆದುಕೊಂಡು ರಾಜಕೀಯ ಹೊಂದಾಣಿಕೆ ಎಂಬ ಅರ್ಥ ಪಡೆದಿದೆ. ಹಲವೆಡೆ ತುಸು ವ್ಯಂಗ್ಯವೂ ಬೆರೆತಿದೆ.