ಕಿತ್ತಳೆತೋಟದ ಕಾವಲಿನ ಇರುವೆ

ಚೀನದ ಜಿನ್ ರಾಜವಂಶದ ಕಾಲದಲ್ಲಿ ಅಧಿಕಾರಿಯಾಗಿದ್ದ ಜಿ ಹಾನ್ ಎಂಬ ವಿದ್ವಾಂಸನು ದಕ್ಷಿಣ ಸೀಮೆಯ ಸಸ್ಯಗಳನ್ನು ಕುರಿತು ಕ್ರಿ.ಶ. 304ರಲ್ಲಿ ರಚಿಸಿದನೆಂದು ಪರಂಪರೆಯು ಹೇಳುವ ಗ್ರಂಥದಲ್ಲಿ, ಇಂದಿನ ಉತ್ತರ ವಿಯೆಟ್ನಾಮಿಗೆ ಸೇರಿದ ಜಿಯಾವೋಜಿ ಪ್ರಾಂತದ ಸಂತೆಗೆ ಬರುತ್ತಿದ್ದ ಒಂದು ಅಪೂರ್ವವಾದ ಸರಕಿನ ಉಲ್ಲೇಖವಿದೆ. ಆ ಸರಕು ಜೀವಂತ ಇರುವೆ. ತೆಳುವಾದ ರೇಷ್ಮೆಯಂತಿರುವ ಅದರ ಗೂಡನ್ನು ರೆಂಬೆ ಎಲೆಗಳ ಸಮೇತ ಕೊಯ್ದು, ಚಾಪೆಯ ಚೀಲಗಳಲ್ಲಿ ತಂದು ಮಾರುತ್ತಿದ್ದರೆಂದೂ, ಸಾಮಾನ್ಯ ಇರುವೆಗಿಂತ ದೊಡ್ಡದಾದ, ಕೆಂಪು ಬೆರೆತ ಹಳದಿ ಬಣ್ಣದ ಈ ಜೀವಿಯು ಇಲ್ಲದ ಕಿತ್ತಳೆಮರದಲ್ಲಿ ಹುಳುಗಳು ಕೆಡಿಸದೆ ಬಿಟ್ಟ ಹಣ್ಣು ಒಂದೂ ದೊರೆಯದೆಂದೂ ಅಲ್ಲಿ ಹೇಳಿದೆ. ತಾಂಗ್ ವಂಶದ ಕೊನೆಗಾಲದ ಲಿಯು ಶುನ್ ಎಂಬ ಲೇಖಕನೂ ಇದೇ ವ್ಯಾಪಾರವನ್ನು ವರ್ಣಿಸಿರುವುದರಿಂದ, ಇದು ಒಂದು ಕಾಲದ ಕೌತುಕವಾಗಿರದೆ ನೆಲೆಗೊಂಡ ಕಸುಬೇ ಆಗಿದ್ದಿತೆಂಬುದು ಸ್ಪಷ್ಟ.

ಈ ಇರುವೆ ನಮಗೆ ಅಪರಿಚಿತವಾದುದಲ್ಲ. ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಾವು, ಗೇರು, ಹಲಸಿನ ಮರಗಳ ಮೇಲೆ ಗೂಡು ಕಟ್ಟುವ, ಜನರು ಚಗಳಿ ಎಂದು ಕರೆದು ಚಟ್ನಿ ಅರೆದು ಉಣ್ಣುವ ಕೆಂಪಿರುವೆಯೇ ಅದು. ಅದರ ಗೃಹನಿರ್ಮಾಣ ನೋಡತಕ್ಕದ್ದು. ಎರಡು ಎಲೆಗಳ ನಡುವಣ ಅಂತರವು ಒಂದು ಇರುವೆಯ ಅಳವಿಗೆ ಮೀರಿದುದಾದರೆ, ಒಂದರ ನಡುವನ್ನು ಇನ್ನೊಂದು ಕಚ್ಚಿ ಹಿಡಿದು, ಸರಪಣಿಯಾಗಿ ಚಾಚಿ, ಎಲೆಯಂಚುಗಳನ್ನು ಹತ್ತಿರಕ್ಕೆ ಎಳೆದು ನಿಲ್ಲಿಸುವುವು. ಆಗ ಬೇರೆ ಕೆಲವು, ಗೂಡಿನೊಳಗಿನ ಬಲಿತ ಮರಿಹುಳುಗಳನ್ನು ದವಡೆಯಲ್ಲಿ ಮೆಲ್ಲನೆ ಹಿಡಿದು ತಂದು, ಮಗ್ಗದ ಲಾಳಿಯಂತೆ ಈ ಅಂಚಿನಿಂದ ಆ ಅಂಚಿಗೆ ಆಡಿಸಲು, ಮರಿಗಳ ಬಾಯಿಂದ ಹೊರಡುವ ನೂಲು ಎಲೆಗಳನ್ನು ಬೆಸೆಯುವುದು. ಇಂತಹ ಅನೇಕ ಗೂಡುಗಳ ಒಂದು ಸಂಸಾರವು ಹಲವು ಮರಗಳನ್ನು ತನ್ನ ಸೀಮೆಯನ್ನಾಗಿ ಮಾಡಿಕೊಂಡು, ಎದುರಾದ ಕಂಬಳಿಹುಳು, ತಿಗಣೆ, ದುಂಬಿಗಳನ್ನು ಹಿಡಿದು ಎಳೆದೊಯ್ಯುತ್ತದೆ.

1130ರ ಸುಮಾರಿಗೆ ಬರೆದ ಝುವಾಂಗ್ ಜಿಯು ಈ ಕಸುಬಿನ ಒಳಗುಟ್ಟನ್ನೇ ತಿಳಿಸಿದ್ದಾನೆ. ಗುವಾಂಗ್‌ಡಾಂಗ್ ಸೀಮೆಯಲ್ಲಿ ಉಳುವ ಭೂಮಿ ಕಡಮೆಯಾದುದರಿಂದ ಜನರು ಲಾಭಕ್ಕಾಗಿ ಕಿತ್ತಳೆ ಬೆಳೆಯುತ್ತಿದ್ದರು. ಹಣ್ಣನ್ನು ಕೊರೆಯುವ ಹುಳುಗಳ ಬಾಧೆಗೆ ಇರುವೆಯನ್ನು ಕೊಂಡು ತರುತ್ತಿದ್ದರು. ಹಿಡಿಯುವವರು ಹಂದಿಯ ಅಥವಾ ಕುರಿಯ ಮೂತ್ರಕೋಶದಲ್ಲಿ ಕೊಬ್ಬನ್ನು ತುಂಬಿ, ಬಾಯಿ ತೆರೆದು ಗೂಡಿನ ಪಕ್ಕದಲ್ಲಿಟ್ಟು, ಇರುವೆಗಳೆಲ್ಲ ಒಳಸೇರುವವರೆಗೆ ಕಾದು, ಕೊಂಡೊಯ್ದು ಮಾರುವರು. ಹದಿನೇಳನೆಯ ಶತಮಾನದ ಕೊನೆಗೆ ಕು ದಾಜುನ್ ಬರೆಯುವ ವೇಳೆಗೆ, ಇರುವೆಯು ನೆಲಕ್ಕಿಳಿಯದೆ ತೋಟವನ್ನೆಲ್ಲ ಸುತ್ತುವಂತೆ ಮರದಿಂದ ಮರಕ್ಕೆ ಬಿದಿರಿನ, ಬೆತ್ತದ ಸೇತುವೆಗಳನ್ನು ಕಟ್ಟುವ ಪದ್ಧತಿಯೂ ರೂಢಿಗೆ ಬಂದಿದ್ದಿತು.

ಇದರಲ್ಲಿ ದೋಷವಿಲ್ಲವೆಂದು ಹೇಳುವುದು ಸತ್ಯವಾಗದು. ಈ ಇರುವೆ ಹಣ್ಣು ಕೀಳುವವರನ್ನೂ ಕಚ್ಚುತ್ತದೆ. ಸಿಹಿಯಾದ ಅಂಟುದ್ರವವನ್ನು ಸ್ರವಿಸುವ ಶಲ್ಕಕೀಟ, ಹಿಟ್ಟುತಿಗಣೆಗಳನ್ನು ತಾನೇ ಕಾಪಾಡುತ್ತದೆ. ಹೀಗಿದ್ದರೂ ಕಸುಬು ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ರೋಗ ತಾಳುವ ಕಿತ್ತಳೆಯ ಜಾತಿಗಳನ್ನು ಅರಸುತ್ತ ಚೀನಕ್ಕೆ ಹೋದ ಅಮೆರಿಕದ ಸಸ್ಯಶಾಸ್ತ್ರಜ್ಞ ವಾಲ್ಟರ್ ಸ್ವಿಂಗಲ್, ಇರುವೆ ಸಾಕಣೆಯೇ ಮುಖ್ಯ ಜೀವನವಾಗಿದ್ದ ಹಳ್ಳಿಯೊಂದನ್ನು ಕಂಡನು. 1924ರಲ್ಲಿ ಗ್ರಾಫ್ ಮತ್ತು ಹೋವರ್ಡ್ ಎಂಬಿಬ್ಬರು ಅದನ್ನು ಕುರಿತು ಶಾಸ್ತ್ರೀಯ ಲೇಖನವನ್ನೇ ಪ್ರಕಟಿಸಿದರು.

ಪಾಶ್ಚಾತ್ಯರಲ್ಲಿ ಇಂತಹ ವಿದ್ಯೆಯ ಚರಿತ್ರೆಯು ಸಾಮಾನ್ಯವಾಗಿ 1888ರಿಂದ, ಎಂದರೆ ಆಲ್ಬರ್ಟ್ ಕೋಬೆಲೆಯು ಕ್ಯಾಲಿಫೋರ್ನಿಯದ ಕಿತ್ತಳೆತೋಟಗಳನ್ನುಳಿಸಲು ಆಸ್ಟ್ರೇಲಿಯದಿಂದ ಒಂದು ಜಾತಿಯ ಗುಲಗಂಜಿ ಹುಳುವನ್ನು ಕಳುಹಿಸಿದಂದಿನಿಂದ, ಆರಂಭವಾಗುವುದು. ಆ ಜಯದ ನೆನಪು ಇನ್ನೂ ಹಸಿಯಾಗಿದ್ದಾಗಲೇ, 1939ರಲ್ಲಿ ಡಿ.ಡಿ.ಟಿ.ಯ ಕೀಟನಾಶಕ ಗುಣವು ಪತ್ತೆಯಾಗಿ, ಮುಂದಿನ ದಶಕಗಳಲ್ಲಿ ವಿಷದ ಸಿಂಪಡಣೆಯೇ ಸಸ್ಯರಕ್ಷಣೆಯೆಂಬ ಭಾವನೆ ಬಲಿಯಿತು. ಅದರ ಫಲವನ್ನು ನಮ್ಮ ಹಿತ್ತಲಿನ ಅವರೆಬಳ್ಳಿಯಲ್ಲಿಯೇ ನೋಡಬಹುದು. ಎಳೆಯ ಕುಡಿಗೆ ಮುತ್ತಿದ ಹೇನನ್ನು ಗುಲಗಂಜಿ ಹುಳುವೂ ಅದರ ಮರಿಗಳೂ ತಿನ್ನುತ್ತಿರುತ್ತವೆ. ವಿಷ ಬಿದ್ದೊಡನೆ ಎರಡೂ ಸಾಯುವುವು. ಆದರೆ ಗಂಡಿನ ಹಂಗಿಲ್ಲದೆ ಮರಿಹಾಕುವ ಹೇನು ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಳ್ಳುವುದು, ತತ್ತಿಯಿಟ್ಟು ಬೆಳೆದು ಬರಬೇಕಾದ ಗುಲಗಂಜಿ ಹುಳುವಿಗೆ ವಾರಗಳೇ ಬೇಕು. ಆ ನಡುವಿನ ಕಾಲದಲ್ಲಿ ಬೆಳೆಗೆ ರಕ್ಷಕರೇ ಇಲ್ಲ.

ಜಿಯಾವೋಜಿಯ ಇರುವೆ ಮಾರುವವನು ಕೀಟಕುಲವನ್ನೇ ನಿರ್ಮೂಲಗೊಳಿಸುವೆನೆಂದು ಹೊರಟವನಲ್ಲ. ಯಾವುದು ಯಾವುದನ್ನು ತಿನ್ನುವುದು, ಯಾವ ಮರದಲ್ಲಿ ನಿಲ್ಲುವುದು, ಯಾವ ಆಮಿಷಕ್ಕೆ ಬರುವುದು ಎಂಬುದನ್ನು ತಲೆಮಾರುಗಳ ನಿರೀಕ್ಷಣೆಯಿಂದ ಬಲ್ಲವನು. ಆ ಬಲ್ಮೆಗೆ ಬೆಲೆ ಕೊಡುವ ತೋಟಗಾರನಿದ್ದುದರಿಂದಲೇ ಅದು ಶತಮಾನಗಳುದ್ದಕ್ಕೂ ಬಾಳಿತು. 1957ರಲ್ಲಿ ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವು ಸ್ಥಾಪಿತವಾದಂದಿನಿಂದ ನಮ್ಮಲ್ಲಿಯೂ ಈ ಶಾಸ್ತ್ರಕ್ಕೆ ನೆಲೆಯುಂಟಾಗಿದೆ. ಕಾಯಿಕೊರಕದ ತತ್ತಿಯೊಳಗೆ ತನ್ನ ತತ್ತಿಯಿಡುವ ಟ್ರೈಕೊಗ್ರಾಮ ಎಂಬ ಸೂಕ್ಷ್ಮ ಕಣಜವನ್ನು ಕಾಗದದ ಪಟ್ಟಿಯ ಮೇಲೆ ಬೆಳೆಸಿ ರೈತರಿಗೆ ಒದಗಿಸುತ್ತಾರೆ. ರೈತನು ಅದನ್ನು ಟೊಮೇಟೊ ಎಲೆಯ ತಳಭಾಗಕ್ಕೆ ಸಿಕ್ಕಿಸುತ್ತಾನೆ. ಅವನು ನಡೆಸುವುದು ಅತ್ಯಂತ ಪ್ರಾಚೀನವಾದ ವ್ಯಾಪಾರವನ್ನೇ. ಅದು ಫಲಿಸಬೇಕಾದರೆ ಆ ದಿನಗಳಲ್ಲಿ ವಿಷದ ಪಂಪನ್ನು ಹೆಗಲಿಗೇರಿಸದಿರುವ ಸಂಯಮವೂ, ಆ ಸಂಯಮಕ್ಕೆ ಅವನಿಗೆ ಧೈರ್ಯ ಕೊಡಬಲ್ಲ ತಿಳಿದವರ ನೆರವೂ ಬೇಕು. ಇವೆರಡನ್ನೂ ಹಳ್ಳಿಹಳ್ಳಿಯಲ್ಲಿ ಒದಗಿಸುವುದು ನಮ್ಮ ಸಮಾಜದ ಕರ್ತವ್ಯ.